ಎಂಜಿನ್ ದೀಪ ಹತ್ತಿದಾಗ

ಪುಟ್ಟೀ, ಸೆಕೆಂಡ್ ಹ್ಯಾಂಡ್ ಕಾರು ತಗೊಂಡಿದೀಯ, ಸಂತೋಷ. ಡ್ಯಾಶ್‌ಬೋರ್ಡಿನ ಹಳದಿ ಎಂಜಿನ್ ದೀಪ ಇವತ್ತಲ್ಲ ನಾಳೆ ಹತ್ತೇ ಹತ್ತುತ್ತೆ. ಹತ್ತಿ ಸುಮ್ಮನೆ ಉರೀತಿದ್ದರೆ ಗಾಬರಿ ಬೇಡ. ಮಿಣಕ್ ಮಿಣಕ್ ಅಂತಿದ್ದರೆ ಮಾತ್ರ ಆಕ್ಸಿಲರೇಟರ್ ಬಿಟ್ಟು ಗಾಡಿ ಪಕ್ಕಕ್ಕೆ ಹಾಕು. ಸಿಲಿಂಡರಿನಲ್ಲಿ ಉರಿಯದೆ ಉಳಿದ ಪೆಟ್ರೋಲು ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನೇ ಸುಟ್ಟುಬಿಡುತ್ತೆ. ಅದರ ರೇಟು ಕೇಳಿದರೆ ಎದೆ ಧಸಕ್ಕನ್ನುತ್ತೆ. (ಕೆಂಪು ಆಯಿಲ್ ದೀಪದ ಕಥೆಯೇ ಬೇರೆ. ಅದು ಹತ್ತಿದರೆ ಮೊದಲು ಎಂಜಿನ್ ಆಫ್, ಆಮೇಲೆ ಉಳಿದ ಮಾತು.)

ದೀಪ ಯಾಕೆ ಹತ್ತಿತು ಅನ್ನೋದನ್ನ ಗಾಡಿಯ ಕಂಪ್ಯೂಟರ್ ಒಂದು ಕೋಡ್ ಆಗಿ ಬರೆದಿಟ್ಟುಕೊಳ್ಳುತ್ತೆ. ಹೀಗೆ ತನ್ನ ತೊಂದರೆ ತಾನೇ ಗುರುತಿಸೋ ಒಬಿಡಿ-2 ವ್ಯವಸ್ಥೆ 2013ರ ಏಪ್ರಿಲ್‌ನಿಂದ ನಮ್ಮ ದೇಶದ ಬಿಎಸ್-4 (ಹೊಗೆ ನಿಯಮದ) ಕಾರುಗಳಿಗೆ ಕಡ್ಡಾಯ ಆಯ್ತು. ಸ್ಟಿಯರಿಂಗ್ ಕೆಳಗೆ ಬಗ್ಗಿ ನೋಡು, 16 ಪಿನ್ನಿನ ಸಾಕೆಟ್ ಇರುತ್ತೆ. ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿ, ಇಗ್ನಿಷನ್ ಆನ್ ಮಾಡಿ, ಮೊಬೈಲಿನಲ್ಲೇ ಕೋಡ್ ಓದಬಹುದು. ಓದಿದ ತಕ್ಷಣ 'ಕ್ಲಿಯರ್' ಒತ್ತೋ ಚಪಲ ಬರುತ್ತೆ. ಒತ್ತಬೇಡ. ಕೋಡ್ ಬಿದ್ದ ಗಳಿಗೆಯಲ್ಲಿ ಆರ್‌ಪಿಎಂ ಎಷ್ಟಿತ್ತು, ಸ್ಪೀಡ್ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿಯಾಗಿತ್ತು ಅನ್ನೋದೆಲ್ಲ 'ಫ್ರೀಜ್ ಫ್ರೇಮ್'ನಲ್ಲಿ ಕೂತಿರುತ್ತೆ. ಅಳಿಸಿದರೆ ಅದೂ ಹೋಯ್ತು. ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೋ.

ಕೋಡ್ 'ಪಿ'ಯಿಂದ ಶುರುವಾದರೆ ಎಂಜಿನ್, ಗೇರ್‌ಬಾಕ್ಸಿಗೆ ಸೇರಿದ್ದು. ಪಕ್ಕದಲ್ಲಿ ಸೊನ್ನೆ ಇದ್ದರೆ ಎಲ್ಲ ಕಂಪನಿಗೂ ಅರ್ಥ ಒಂದೇ. 1 ಇದ್ದರೆ ಆ ಕಂಪನಿಯ ಸ್ವಂತದ್ದು. ಇನ್ನೊಂದು ಗಾಡಿಯ ಪಟ್ಟಿ ನೋಡಿ ಅರ್ಥ ಮಾಡಿಕೊಳ್ಳೋಕೆ ಹೋಗಬೇಡ.

ಇನ್ನು ಮುಖ್ಯವಾದ್ದು. ಜ್ವರ ಅನ್ನೋದು ಕಾಯಿಲೆಯ ಹೆಸರಲ್ಲ ನೋಡು, ಕೋಡೂ ಹಾಗೇ. ಪಿ0171 ಬಂತು ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಾಲ್ತಿಲ್ಲ ಅಂತ ಕಂಪ್ಯೂಟರಿಗೆ ಕಂಡಿದೆ, ಅಷ್ಟೇ. ವ್ಯಾಕ್ಯೂಮ್ ಪೈಪ್ ಸೀಳಿರಬಹುದು, ಪೆಟ್ರೋಲ್ ಪಂಪ್ ಸೋತಿರಬಹುದು. ಆತುರಗಾರರು ಮಾತ್ರ ನೆಟ್ಟಗೆ ಹೋಗಿ ಆಕ್ಸಿಜನ್ ಸೆನ್ಸರ್ ಬದಲಾಯಿಸಿಕೊಂಡು ಬರ್ತಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದ ಸೆನ್ಸರಿಗೇ ಶಿಕ್ಷೆ!

ಪಿ0301 ಬಂದರೆ ಮೊದಲನೇ ಸಿಲಿಂಡರ್ ಮಿಸ್ ಹೊಡೀತಿದೆ ಅಂತ. ಒಂದೊಂದು ಪ್ಲಗ್ಗಿಗೂ ಒಂದೊಂದು ಕಾಯಿಲ್ ಇರೋ ಎಂಜಿನ್ ಆದರೆ ದುಡ್ಡು ಬಿಚ್ಚದೆ ಪರೀಕ್ಷೆ ಮಾಡಬಹುದು. ಎಂಜಿನ್ ತಣ್ಣಗಾಗಲಿ. ಮೊದಲನೇ ಕಾಯಿಲನ್ನು ಎರಡನೆಯದರ ಜಾಗಕ್ಕೂ, ಎರಡನೆಯದನ್ನು ಮೊದಲನೆಯದರ ಜಾಗಕ್ಕೂ ಹಾಕು. ಈಗ ಕೋಡ್ ಅಳಿಸಿ ಒಂದು ಸುತ್ತು ಓಡಿಸು. ಪಿ0302 ಅಂತ ಬಂದರೆ ಕಾಯಿಲೇ ಕೆಟ್ಟಿದೆ. ಮತ್ತೆ ಪಿ0301 ಬಂದರೆ ಪ್ಲಗ್, ಇಂಜೆಕ್ಟರ್, ಕಂಪ್ರೆಷನ್ ಕಡೆ ನೋಡಬೇಕು.

ಎಬಿಎಸ್, ಏರ್‌ಬ್ಯಾಗ್ ದೀಪಗಳ ಗೋಜಿಗೆ ನೀನು ಹೋಗಬೇಡ. ಅಗ್ಗದ ಅಡಾಪ್ಟರಿಗೆ ಅವು ಸಾಮಾನ್ಯವಾಗಿ ಸಿಗಲ್ಲ, ಸಿಕ್ಕರೂ ಅದು ಮನೆಯಂಗಳದ ಕೆಲಸ ಅಲ್ಲ. ಗ್ಯಾರೇಜಿಗೆ ಹೋದಾಗ ಸ್ಕ್ರೀನ್‌ಶಾಟ್ ತೋರಿಸು. ಯಾವುದೇ ಪಾರ್ಟ್ ಬದಲಾಯಿಸಬೇಕು ಅಂದರೆ, "ಇದೇ ಕೆಟ್ಟಿದೆ ಅಂತ ಹೇಗೆ ನೋಡಿದ್ರಿ ಅಣ್ಣ?" ಅಂತ ಕೇಳು. ಕೆಲಸ ಬಲ್ಲವನು ಬೇಜಾರಿಲ್ಲದೆ ಹೇಳ್ತಾನೆ. ಬಿಚ್ಚಿದ ಹಳೇ ಪಾರ್ಟನ್ನೂ ಕೇಳಿ ಇಸ್ಕೋ.