ಇತಿಹಾಸವನ್ನು ಹೇಳಿಕೊಡುವ ಬಗೆ

ನಮ್ಮ ವಾಚನಾಲಯದ ಭಾನುವಾರದ ವರ್ಗಕ್ಕೆ ಬರುವ ಮಕ್ಕಳು ಹುಟ್ಟಿ ಬೆಳೆದದ್ದು ಮುಂಬಯಿಯಲ್ಲಿ. ಮನೆಮಾತು ಕನ್ನಡ, ಶಾಲೆಯ ಮಾತು ಬೇರೆ. "ನಮ್ಮೂರನ್ನು ಮೊದಲು ಯಾರು ಆಳುತ್ತಿದ್ದರು?" ಎಂದು ಮಗು ಕೇಳಿದರೆ, ಪಾಳಿ ಮುಗಿಸಿ ದಣಿದು ಬಂದ ತಂದೆಗೆ ಉತ್ತರ ತೋಚದು. ಇಂಥ ಮಕ್ಕಳಿಗೆ "ನೀವೇ ಹುಡುಕಿ ತಿಳಿಯಿರಿ" ಎಂದರೆ ಏನು ಬಂತು? ಪುಸ್ತಕದ ಕಪಾಟಿರುವ ಮನೆಯ ಹುಡುಗ ಹುಡುಕಿಯಾನು. ಇಲ್ಲದವನು ಎಲ್ಲಿ ಹುಡುಕಬೇಕು? ಮೊದಲು ಕಲಿಸುವವರೇ ಬಿಡಿಸಿ ಹೇಳಬೇಕು.

ಈ ನೇರ ಬೋಧನೆಯನ್ನು ಅಮೆರಿಕದ ಸೀಗ್‌ಫ್ರೀಡ್ ಎಂಗಲ್‌ಮನ್ ಎಂಬವರು 1960ರ ದಶಕದಲ್ಲಿ ಬಡ ಮಕ್ಕಳ ಓದು ಲೆಕ್ಕಗಳಿಗಾಗಿ ರೂಪಿಸಿದರು. ಇತಿಹಾಸಕ್ಕೂ ಅದು ಒಗ್ಗುತ್ತದೆ. ನೇರ ಬೋಧನೆಯೆಂದರೆ ಟಿಪ್ಪಣಿ ಬರೆಸಿ ಕಂಠಪಾಠ ಮಾಡಿಸುವುದಲ್ಲ. ಒಂದು ಚಿಕ್ಕ ತುಣುಕು ಹೇಳಬೇಕು, ನಕಾಶೆಯಲ್ಲಿ ತೋರಿಸಬೇಕು, ಮಕ್ಕಳ ಬಾಯಿಂದಲೇ ಹೇಳಿಸಬೇಕು, ತಪ್ಪಿದರೆ ಆಗಲೇ ತಿದ್ದಬೇಕು. ಆಮೇಲೆಯೇ ಮುಂದಿನ ತುಣುಕು.

ಕನ್ನಡ ನಾಡು ಒಡೆದುಹೋದದ್ದು ಹೇಗೆಂಬ ಪಾಠವನ್ನೇ ತೆಗೆದುಕೊಳ್ಳೋಣ. ಕರಿಹಲಗೆಯ ಮೇಲೆ ನಾಲ್ಕೇ ಇಸವಿ ಬರೆಯಿರಿ: 1799, 1818, 1834, 1956. ಹೆಚ್ಚು ಬರೆದರೆ ಮಕ್ಕಳು ಇಸವಿ ನುಂಗುತ್ತಾರೆ, ಕಾರಣ ಉಗುಳುತ್ತಾರೆ. 1799ರಲ್ಲಿ ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದಲ್ಲಿ ಮಡಿದನು. ನಡುನಾಡನ್ನು ಒಡೆಯರ ವಂಶಕ್ಕೆ ಕೊಟ್ಟ ಇಂಗ್ಲಿಷರು ಕರಾವಳಿಯನ್ನು ತಾವೇ ಇಟ್ಟುಕೊಂಡರು. 1818ರಲ್ಲಿ ಪೇಶ್ವೆಯ ರಾಜ್ಯ ಅಳಿಯಿತು. ಧಾರವಾಡ, ಬೆಳಗಾವಿಗಳ ಸೀಮೆ ಮುಂಬಯಿ ಪ್ರಾಂತಕ್ಕೆ ಬಂತು. ಕಲಬುರಗಿ, ರಾಯಚೂರು, ಬೀದರ ನಿಜಾಮನ ಕೈಯಲ್ಲೇ ಉಳಿದವು. 1834ರಲ್ಲಿ ಕೊಡಗಿನ ಅರಸನನ್ನು ಇಳಿಸಿ ಇಂಗ್ಲಿಷರು ಅದನ್ನೂ ಸೇರಿಸಿಕೊಂಡರು. ಒಬ್ಬೊಬ್ಬರಿಂದ ಒಂದೊಂದು ಸಲ ಕೈಬದಲಾದ ನೆಲ ಬೇರೆ ಬೇರೆ ಆಡಳಿತಕ್ಕೆ ಹಂಚಿಹೋಯಿತು. ಭಾಷೆಯನ್ನು ಯಾರೂ ಕೇಳಲಿಲ್ಲ. ಈ ಒಂದು ಮಾತು ಮನಸ್ಸಿಗೆ ಇಳಿದರೆ ಅರ್ಧ ಪಾಠ ಮುಗಿದಂತೆ.

ಇಲ್ಲಿ ನಿಂತು ಕೇಳಿರಿ: "ಧಾರವಾಡದವರ ಸರಕಾರ ಮುಂಬಯಿಯಲ್ಲಿ ಏಕಿತ್ತು?" ಕೈ ಎತ್ತಿದವನನ್ನೇ ಕೇಳಬೇಡಿ, ಹಿಂದೆ ಸುಮ್ಮನೆ ಕುಳಿತವನನ್ನು ಕೇಳಿರಿ. "ಇಂಗ್ಲಿಷರೇ 1956ರಲ್ಲಿ ಒಂದುಗೂಡಿಸಿದರು" ಎಂದು ಯಾವನಾದರೂ ಅಂದರೆ ನಗಬಾರದು. ನಡುವೆ 1947 ಎಂದು ಬರೆದು, ಅವರು ಹೊರಟುಹೋದ ಮೇಲಿನ ಮಾತಿದು ಎಂದು ತೋರಿಸಿ, ಅವನಿಂದಲೇ ಸರಿಯಾಗಿ ಹೇಳಿಸಿರಿ. 1956ರ ನವೆಂಬರ್ 1ರಂದು ಈ ಭಾಗಗಳು ಮೈಸೂರು ರಾಜ್ಯವಾಗಿ ಕೂಡಿದವು. ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಕಾಸರಗೋಡು ಕೇರಳಕ್ಕೆ ಹೋಯಿತು. ಅಲ್ಲಿಯ ಮನೆತನದ ಮಕ್ಕಳಿದ್ದರೆ ಇದನ್ನು ಮುಚ್ಚಿಡದೆ ಹೇಳಿರಿ.

ಇಷ್ಟು ಗಟ್ಟಿಯಾದ ಮೇಲೆ ಹುಡುಕಲು ಬಿಡಬಹುದು. "ಬಳ್ಳಾರಿ ಮಾತ್ರ 1953ರಲ್ಲೇ ಮೈಸೂರಿಗೆ ಬಂತಲ್ಲ, ಏಕೆ?" ಎಂದು ಪ್ರಶ್ನೆ ಕೊಟ್ಟು ಕಳಿಸಿರಿ. ಆಂಧ್ರ ರಾಜ್ಯ ಆ ವರ್ಷ ಹುಟ್ಟಿತೆಂಬ ಸುಳಿವು ಸಾಕು. ಮದ್ರಾಸಿನ ಹೆಸರು ಯಾರು ತರುತ್ತಾರೋ ನೋಡೋಣ.

ಮುಂದಿನ ಭಾನುವಾರ ಹೊಸ ಪಾಠಕ್ಕೆ ಮೊದಲು ಹೆಸರಿಲ್ಲದ ನಕಾಶೆ ತೂಗುಹಾಕಿ, ಪ್ರತಿ ಮಗುವಿನ ಕೈಯಲ್ಲೂ ಸೀಮೆಸುಣ್ಣ ಕೊಟ್ಟು, ಅವರವರ ಊರಿನ ಸೀಮೆಗೆ ಹಳೆಯ ಒಡೆಯನ ಹೆಸರು ಬರೆಸಿರಿ.