ಸೋಮಾರಿ ಎನ್ನುವ ಮುನ್ನ ಥೈರಾಯ್ಡ್ ನೋಡಿಸಿ

ಪರಶುರಾಂಪುರದ ಕಡೆ ಮಗು ಸುಸ್ತಾದರೆ ಬಿಸಿಲು ಅನ್ನುತ್ತೇವೆ, ಚರ್ಮ ಒಡೆದರೆ ಗಾಳಿ ಅನ್ನುತ್ತೇವೆ. ವೇದಾವತಿ ದಂಡೆಯ ಈ ಒಣ ಸೀಮೆಯಲ್ಲಿ ಎರಡೂ ಸುಳ್ಳಲ್ಲ. ಆದರೆ ಇದೇ ಸುಸ್ತು, ಇದೇ ಒಣ ಚರ್ಮ ಥೈರಾಯ್ಡ್ ಹಾರ್ಮೋನು ಕಡಿಮೆಯಾದಾಗಲೂ ಬರುತ್ತವೆ. ಜ್ವರವಿಲ್ಲ, ನೋವಿಲ್ಲ, ನೋಡುವವರಿಗೆ ಏನೂ ಕಾಣುವುದಿಲ್ಲ. ಹಾಗಾಗಿ ಎಷ್ಟೋ ಮಕ್ಕಳಿಗೆ ಔಷಧಿಗಿಂತ ಮೊದಲು ಬೈಗುಳ ಸಿಗುತ್ತದೆ.

ಥೈರಾಯ್ಡ್ ಕತ್ತಿನ ಮುಂಭಾಗದಲ್ಲಿರುವ ಸಣ್ಣ ಗ್ರಂಥಿ. ಮೈಯೆಲ್ಲ ಎಷ್ಟು ಚುರುಕಾಗಿ ಕೆಲಸ ಮಾಡಬೇಕೆಂಬುದನ್ನು ಅದರ ಹಾರ್ಮೋನು ನಿರ್ಧರಿಸುತ್ತದೆ. ಮಕ್ಕಳು ಎತ್ತರ ಬೆಳೆಯಲೂ ಅದು ಬೇಕು. ಶಾಲೆಗೆ ಹೋಗುವ ವಯಸ್ಸಿನಲ್ಲಿ ಅದು ಕಡಿಮೆಯಾಗಲು ಸಾಮಾನ್ಯ ಕಾರಣ ಹಾಶಿಮೊಟೊ ಎಂಬ ಕಾಯಿಲೆ: ರೋಗ ತಡೆಯಬೇಕಾದ ಶಕ್ತಿಯೇ ಗ್ರಂಥಿಯ ಮೇಲೆ ತಿರುಗಿ ಬೀಳುತ್ತದೆ. ಹೆಣ್ಣುಮಕ್ಕಳಲ್ಲಿ, ಅದರಲ್ಲೂ ಹರೆಯದ ಹೊತ್ತಿಗೆ, ಇದು ಹೆಚ್ಚು.

ಏನನ್ನು ಗಮನಿಸಬೇಕು?

ಮೊದಲು ಎತ್ತರ. 5ರಿಂದ 10 ವರ್ಷದ ಮಗು ವರ್ಷಕ್ಕೆ ಸುಮಾರು 5–6 ಸೆಂ.ಮೀ. ಬೆಳೆಯುತ್ತದೆ. ಆರು ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಗುರುತು ಹಾಕಿ. ವರ್ಷಕ್ಕೆ 4 ಸೆಂ.ಮೀ. ಕೂಡ ಬೆಳೆಯದಿದ್ದರೆ, ಹಳೆಯ ಯೂನಿಫಾರ್ಮ್ ಇನ್ನೂ ಆಗುತ್ತಿದೆಯೆಂದು ಸಮಾಧಾನಪಡದೆ ವೈದ್ಯರಿಗೆ ತೋರಿಸಿ.

ಎಲ್ಲರೂ ಸೆಕೆ ಎನ್ನುವಾಗ ಮಗುವಿಗೆ ಮಾತ್ರ ಚಳಿ, ಬಿಡದ ಮಲಬದ್ಧತೆ, ಕೂದಲು ಉದುರುವುದು, ಪಾಠದಲ್ಲಿ ಹಿಂದೆ ಬೀಳುವುದು, ಮುಟ್ಟಿನಲ್ಲಿ ಅತಿಯಾದ ಸ್ರಾವ, ಕತ್ತಿನ ಮುಂದೆ ಊತ: ಇವೂ ಸೂಚನೆಗಳೇ. ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ತೊಂದರೆ ಇದ್ದರೆ ಅದನ್ನು ವೈದ್ಯರಿಗೆ ಹೇಳಿ. ರಕ್ತಹೀನತೆ, ನಿದ್ದೆಗೇಡು, ಮನಸ್ಸಿನ ಬೇಸರದಿಂದಲೂ ಸುಸ್ತು ಬರುತ್ತದೆ. ಅದಕ್ಕೇ ಊಹೆ ಬೇಡ, ಟಿಎಸ್‌ಎಚ್ ಮತ್ತು ಟಿ4 ರಕ್ತಪರೀಕ್ಷೆ ಮಾಡಿಸಿ. ಶಾಲೆ, ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ನೋಡುವ ತೊಂದರೆಗಳಲ್ಲಿ ಗಳಗಂಡವೂ (ಕತ್ತಿನ ಮುಂದಿನ ಊತ) ಒಂದು. ನಿಮ್ಮ ಅನುಮಾನವನ್ನು ಅವರ ಮುಂದಿಡಿ.

ಹುಟ್ಟಿನಿಂದಲೇ ಹಾರ್ಮೋನು ಕೊರತೆಯಿರುವ ಕೂಸುಗಳ ಮಾತು ಬೇರೆ. ಚಿಕಿತ್ಸೆ ತಡವಾದರೆ ಮಿದುಳಿನ ಬೆಳವಣಿಗೆಯೇ ಕುಂಠಿತವಾಗುತ್ತದೆ. ಹೆರಿಗೆಯಾದ ಆಸ್ಪತ್ರೆಯಲ್ಲೇ ಕೂಸಿನ ಹಿಮ್ಮಡಿಯ ರಕ್ತ ಪರೀಕ್ಷೆಯ ಬಗ್ಗೆ ಕೇಳಿ.

ಮಾತ್ರೆಯ ಶಿಸ್ತು

ಕಡಿಮೆಯಾದ ಹಾರ್ಮೋನನ್ನು ತುಂಬಲು ವೈದ್ಯರು ಬರೆದುಕೊಡುವ ಲಿವೊಥೈರಾಕ್ಸಿನ್ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ಕೊಡಿ. ಚಹಾ, ಹಾಲು, ತಿಂಡಿ ಅರ್ಧದಿಂದ ಒಂದು ಗಂಟೆ ಬಿಟ್ಟು ಕೊಡಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳು ಇದನ್ನು ಮೈಗೆ ಹತ್ತಗೊಡುವುದಿಲ್ಲ, ನಾಲ್ಕು ಗಂಟೆ ಅಂತರವಿರಲಿ. ಶಾಲೆಯಲ್ಲಿ ಮಧ್ಯಾಹ್ನದ ಊಟದ ನಂತರ ಕೊಡುವ ಕಬ್ಬಿಣದ ಮಾತ್ರೆಗೆ ಆ ಅಂತರ ತಾನಾಗಿ ಸಿಗುತ್ತದೆ, ಅದನ್ನು ತಪ್ಪಿಸಬೇಡಿ. ನಮ್ಮ ಬೇಸಿಗೆಗೆ ಮಾತ್ರೆಯ ಶಕ್ತಿ ಕುಂದಬಹುದು. ಕಿಟಕಿಯ ಬಳಿ, ಒಲೆಯ ಹತ್ತಿರ ಇಡಬೇಡಿ. ಮಗು ಚೇತರಿಸಿಕೊಂಡಿತೆಂದು ನೀವಾಗಿಯೇ ನಿಲ್ಲಿಸಲೂಬೇಡಿ.

ಚಳ್ಳಕೆರೆ ಸೀಮೆಯ ತಾಯಂದಿರಿಗೆ ಥೈರಾಯ್ಡ್‌ಗೆ ಆಗದೆಂದು ಶೇಂಗಾ ಬಿಡಿಸಬೇಕೇ ಎಂಬ ಚಿಂತೆ ಬೇಡ. ಅಡುಗೆಗೆ ಅಯೋಡಿನ್ ಉಪ್ಪು ಬಳಸುವ ಮನೆಯಲ್ಲಿ ಹಿತಮಿತವಾಗಿ ತಿಂದರೆ ತೊಂದರೆಯಿಲ್ಲ. ಆದರೆ ಹಾಶಿಮೊಟೊ ಉಪ್ಪಿನಿಂದ ವಾಸಿಯಾಗುವ ಕಾಯಿಲೆಯಲ್ಲ, ಹಾರ್ಮೋನು ಕಡಿಮೆಯಾಗಿದ್ದರೆ ಮಾತ್ರೆ ಬೇಕೇ ಬೇಕು.

ರಿಪೋರ್ಟ್ ಸರಿ, ಮಗು ಇನ್ನೂ ಸುಸ್ತು

ಮಾತ್ರೆ ಶುರುವಾದ ಆರರಿಂದ ಎಂಟು ವಾರಕ್ಕೆ ಮತ್ತೆ ರಕ್ತಪರೀಕ್ಷೆ ಆಗುತ್ತದೆ. ಅಂಕಿ ಸರಿಹೋದ ದಿನವೇ ಮಗು ಲವಲವಿಕೆಯಿಂದ ಎದ್ದು ಓಡುವುದಿಲ್ಲ, ಮೈ ಚೇತರಿಸಿಕೊಳ್ಳಲು ಇನ್ನೂ ಕೆಲವು ವಾರ ಹಿಡಿಯಬಹುದು. ಆ ಅವಧಿಯಲ್ಲಿ "ಎಲ್ಲ ನಾರ್ಮಲ್ ಇದೆಯಲ್ಲ, ಇನ್ನೇನು?" ಎನ್ನುವ ಮಾತು ಮಗುವನ್ನು ಒಂಟಿ ಮಾಡುತ್ತದೆ. ಸುಸ್ತು ಎಂದಾಗ ನಂಬಿ. ಮೇಷ್ಟ್ರಿಗೂ ವಿಷಯ ತಿಳಿಸಿ. ಆಗ ತೂಕಡಿಸಿದ ಮಗುವಿಗೆ ಶಿಕ್ಷೆಯಾಗುವುದಿಲ್ಲ. ಸುಸ್ತು ಹೋಗದಿದ್ದರೆ ಹಿಮೋಗ್ಲೋಬಿನ್ ನೋಡಿಸಿ.

ಮದುವೆಗೆ ಅಡ್ಡಿಯಾದೀತೆಂದು ಹೆಣ್ಣುಮಕ್ಕಳ ಕಾಯಿಲೆಯನ್ನು ಮುಚ್ಚಿಡುವವರಿದ್ದಾರೆ. ಸರಿಯಾಗಿ ಮಾತ್ರೆ ತೆಗೆದುಕೊಂಡರೆ ಓದು, ಆಟ, ಮುಂದೆ ತಾಯ್ತನ ಯಾವುದಕ್ಕೂ ಇದು ಅಡ್ಡಿಯಲ್ಲ. ಗರ್ಭಿಣಿಯಾದಾಗ ಪ್ರಮಾಣ ಹೆಚ್ಚಿಸಬೇಕಾಗಬಹುದು, ಅಷ್ಟೇ. ಮುಚ್ಚಿಟ್ಟರೆ ಆ ಹೊತ್ತಿನಲ್ಲೇ ಮಾತ್ರೆ ತಪ್ಪುತ್ತದೆ, ತಾಯಿಗೂ ಕೂಸಿಗೂ ಅಪಾಯ. ಆದ್ದರಿಂದ ಮಗಳಿಗೆ ಕಾಯಿಲೆಯ ಹೆಸರು, ಮಾತ್ರೆಯ ಹೆಸರು, ಎಷ್ಟು ಮೈಕ್ರೋಗ್ರಾಂ ಎಂಬುದನ್ನು ಈಗಲೇ ಕಲಿಸಿ. ತನ್ನ ಆರೋಗ್ಯವನ್ನು ನಾಚಿಕೆಯಿಲ್ಲದೆ ತಾನೇ ಹೇಳಿಕೊಳ್ಳುವಂತೆ ಬೆಳೆಸಿ.