*ಮೊಲದ ಮೊಣಕಾಲು ಬೇರೆ, ನಮ್ಮ ಮೊಣಕಾಲು ಬೇರೆ*



"ಸವೆದ ಕಾರ್ಟಿಲೇಜ್ ಮತ್ತೆ ಬೆಳೆಯುತ್ತದೆ, ಪ್ರಯೋಗದಲ್ಲಿ ಸಾಬೀತಾಗಿದೆ" ಎಂಬ ಸಂದೇಶ ಬಂದರೆ ಮೊದಲು ಕೇಳಿ: ಯಾವ ಪ್ರಾಣಿಯಲ್ಲಿ?

ಹೃದಯದ ಡಾಕ್ಟರಿಗೆ ಮೊಣಕಾಲಿನ ಉಸಾಬರಿ ಏಕೆ? ಖಡಕಿಯಲ್ಲಿ ನನ್ನ ಬಳಿ ಬರುವ ಎಷ್ಟೋ ಹಿರಿಯರು ಮೊಣಕಾಲು ನೋವಿಗೇ ವಾಕಿಂಗ್ ಬಿಟ್ಟಿದ್ದಾರೆ. ನಡಿಗೆ ನಿಂತರೆ ತೂಕ, ಬಿಪಿ, ಸಕ್ಕರೆ ಏರುತ್ತವೆ.

*ಕಾರ್ಟಿಲೇಜ್ ಏಕೆ ಕೂಡಿಕೊಳ್ಳುವುದಿಲ್ಲ?*
ಕೀಲಿನಲ್ಲಿ ಎಲುಬಿನ ತುದಿಗಿರುವ ನುಣುಪಾದ ಪದರವೇ ಕಾರ್ಟಿಲೇಜ್. ಚರ್ಮದ ಗಾಯ ಮಾಯಲು ರಕ್ತ ಬೇಕು. ಈ ಪದರದಲ್ಲಿ ರಕ್ತನಾಳವೂ ಇಲ್ಲ, ನರವೂ ಇಲ್ಲ. ಪೆಟ್ಟಾದದ್ದು ಬೇಗ ತಿಳಿಯುವುದಿಲ್ಲ, ತಾನಾಗಿ ವಾಸಿಯಾಗುವುದೂ ಕಷ್ಟ. 1743ರಲ್ಲೇ ಲಂಡನ್ನಿನ ವೈದ್ಯ ವಿಲಿಯಂ ಹಂಟರ್ ಇದನ್ನು ಬರೆದಿದ್ದರು.

*ಪ್ರಾಣಿಗಳ ಮೇಲೆ ಏಕೆ?*
ಹೊಸ ಚಿಕಿತ್ಸೆಯನ್ನು ನೇರವಾಗಿ ಮನುಷ್ಯರಿಗೆ ಮಾಡುವಂತಿಲ್ಲ. ಪ್ರಾಣಿಯ ಕಾರ್ಟಿಲೇಜಿನಲ್ಲಿ ಸಣ್ಣ ಗುಳಿ ಮಾಡಿ, ಚಿಕಿತ್ಸೆ ಕೊಟ್ಟು, ಕೆಲವು ತಿಂಗಳ ನಂತರ ಆ ಭಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನಮ್ಮ ದೇಶದಲ್ಲಿ ಇದಕ್ಕೆ ನೈತಿಕ ಸಮಿತಿಯ ಅನುಮತಿ ಕಡ್ಡಾಯ.

*ಪದರದ ದಪ್ಪ (ಸುಮಾರು)*
🐇 ಮೊಲ: 0.3 ಮಿ.ಮೀ.
🐐 ಆಡು: 1 ಮಿ.ಮೀ.
🐎 ಕುದುರೆ: 2 ಮಿ.ಮೀ.ಗೆ ಹತ್ತಿರ
🚶 ಮನುಷ್ಯ: 2ರಿಂದ 2.5 ಮಿ.ಮೀ.

ಎಳೆ ಮೊಲದಲ್ಲಿ ಸಣ್ಣ ಗುಳಿ ಔಷಧಿ ಇಲ್ಲದೆಯೂ ಸಾಕಷ್ಟು ತುಂಬಿಕೊಳ್ಳುತ್ತದೆ. ಮೇಲಾಗಿ ಅದು ಆರೋಗ್ಯವಂತ ಪ್ರಾಣಿಗೆ ಆದ ಹೊಸ ಗಾಯ. ನಮ್ಮ ಅಜ್ಜಿಯ ಮೊಣಕಾಲು ಇಪ್ಪತ್ತು ವರ್ಷ ಸವೆದದ್ದು. ಎರಡೂ ಒಂದೇ ಅಲ್ಲ.

ಹಾಗೆಂದು ಪ್ರಯೋಗ ವ್ಯರ್ಥವಲ್ಲ. ರೋಗಿಯದೇ ಕಾರ್ಟಿಲೇಜ್ ಕೋಶಗಳನ್ನು ಬೆಳೆಸಿ ಗುಳಿಗೆ ತುಂಬುವ ವಿಧಾನವನ್ನು ಮೊದಲು ಮೊಲಗಳಲ್ಲಿ ನೋಡಿದರು. 1994ರಲ್ಲಿ ಸ್ವೀಡನ್ನಿನ ವೈದ್ಯರು 23 ರೋಗಿಗಳ ಫಲಿತಾಂಶ ಪ್ರಕಟಿಸಿದರು. ಆದರೆ ಅದು ಪೆಟ್ಟಿನಿಂದಾದ ಗುಳಿಗೆ. ಪೂರ್ತಿ ಸವೆದ ಕೀಲಿಗಲ್ಲ.

*ಹಣ ಕಟ್ಟುವ ಮುನ್ನ ಕೇಳಿ*
1️⃣ ಮನುಷ್ಯರಲ್ಲಿ ಪರೀಕ್ಷೆ ಆಗಿದೆಯೇ? ಎಷ್ಟು ಜನರಲ್ಲಿ, ಎಷ್ಟು ವರ್ಷ?
2️⃣ ಇದು ಪೆಟ್ಟಿಗೋ, ಸವೆತಕ್ಕೋ?
3️⃣ ಸ್ಟೆಮ್ ಸೆಲ್ ಇಂಜೆಕ್ಷನ್ನೇ? ಐಸಿಎಂಆರ್‌ನ 2017ರ ಮಾರ್ಗಸೂಚಿ ಬಂದಾಗ ಮೊಣಕಾಲಿಗೆ ಅದಕ್ಕೆ ಅವಕಾಶವಿದ್ದದ್ದು ಅನುಮೋದಿತ ಸಂಶೋಧನೆಯಲ್ಲಿ ಮಾತ್ರ.

*ಇಂದೇ ಮಾಡಬಹುದಾದದ್ದು*
✅ ತೂಕ 1 ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲಿನ ಭಾರ ಸುಮಾರು 4 ಕೆ.ಜಿ. ಇಳಿಯುತ್ತದೆ.
✅ ತೊಡೆಯ ಸ್ನಾಯು ಗಟ್ಟಿಯಾಗುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕಲಿಯಿರಿ.
❌ ಹೃದ್ರೋಗ, ಬಿಪಿ, ಕಿಡ್ನಿ ತೊಂದರೆ ಇದ್ದರೆ ಮೆಡಿಕಲ್ ಅಂಗಡಿಯಿಂದ ನೋವಿನ ಮಾತ್ರೆ ನೀವೇ ತಂದು ನುಂಗಬೇಡಿ. ಡಾಕ್ಟರನ್ನು ಕೇಳಿ.

ಮನೆಯ ಹಿರಿಯರಿಗೆ ಓದಿ ಹೇಳಿ.

– ಹೃದ್ರೋಗ ತಜ್ಞ, ಎಂ.ಡಿ., ಖಡಕಿ, ಪುಣೆ